ಸಿಲಿಂಡರಿನ ಕೆಳಗಿನ ಚಕ್ರಗಳು

ಎಡಗೈಗೆ ಪ್ಲಾಸ್ಟರ್ ಪಟ್ಟಿ ಹಾಕಿ ಹದಿನೆಂಟು ದಿನವಾಯಿತು. ಬಲಗೈ ಚೆನ್ನಾಗಿದೆ, ಅದರಲ್ಲೇ ಬರೆಯುತ್ತಿದ್ದೇನೆ. ಕುಕ್ಕರಿನಲ್ಲಿ ಹುರುಳಿಕಾಳು ಇದೆ. ಮೂರು ವಿಷಲ್ ಆಗುವಷ್ಟರಲ್ಲಿ ಹೇಳಿ ಮುಗಿಸಬೇಕು.

ಮೂವತ್ತೊಂಬತ್ತು ವರ್ಷದ ನಾನು ಸ್ಕೇಟ್‌ಬೋರ್ಡಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಬೋರ್ಡು ಮಗಳು ಭವ್ಯಳದು. ಮೈಸೂರಿನಲ್ಲಿ ಹಟ ಮಾಡಿ ಕೊಡಿಸಿಕೊಂಡು, ತಿಂಗಳಿಗೇ ಬೇಜಾರಾಗಿ ಮಂಚದ ಕೆಳಗೆ ತಳ್ಳಿದ್ದಳು. ಒಂದು ದಿನ ಕಸ ಗುಡಿಸುವಾಗ ಅದರ ಮೇಲೆ ಕಾಲಿಟ್ಟೆ. ನೆಲ ತಾನಾಗಿ ಹಿಂದಕ್ಕೆ ಸರಿಯಿತು. ಅವತ್ತಿನಿಂದ ಒಂದೂವರೆ ವರ್ಷ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ಅರ್ಧ ಗಂಟೆ, ನಮ್ಮೂರು ಭೀಮನಬೀಡಿನ ಅರಿಸಿನ ಒಣಗಿಸುವ ಸಿಮೆಂಟು ಕಣದಲ್ಲಿ ಕಲಿತೆ. ದಿನದಲ್ಲಿ ನನ್ನದೆಂಬುದು ಅದೊಂದೇ ಅರ್ಧ ಗಂಟೆ.

ಕಣದ ಮೇಲೆ ಚಪ್ಪಲಿ ಕಾಲಿಡಬಾರದು ಎಂದರು ಊರವರು. ಬರಿಗಾಲಲ್ಲೇ ಆಡಿದೆ. ಅದೇ ಕಣದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಬೂಟು ಹಾಕಿಕೊಂಡೇ ಇಸ್ಪೀಟು ಆಡುವವರಿಗೆ ಯಾರೂ ಏನೂ ಅನ್ನಲಿಲ್ಲ. ನನ್ನನ್ನು ಬೀಳಿಸಿದ್ದು ಬೆರಳುದ್ದದ ಒಂದು ಅರಿಸಿನದ ಕೊಂಬು. ಚಕ್ರಕ್ಕೆ ಸಿಕ್ಕಿತು. ಬೋರ್ಡು ನಿಂತಿತು, ನಾನು ನಿಲ್ಲಲಿಲ್ಲ.

ಪಕ್ಕದ ಮನೆಯ ದೊಡ್ಡಮಲ್ಲಮ್ಮ ನೋಡಲು ಬಂದಳು. "ಮಗಳು ಮದ್ವೆಗ್ ಬೆಳೀತಾವ್ಳೆ, ಅವ್ವ ಅಲ್ಗೆ ಮ್ಯಾಲ್ ಜಾರಾಟ ಆಡ್ತಾವ್ಳೆ! ಇನ್ ಮುದ್ದೆ ತೊಳ್ಸೋರ್ ಯಾರವ್ವ?"

ಬಂದವರೆಲ್ಲ ಮುದ್ದೆಯನ್ನೇ ಕೇಳಿದರು. ನೋವಿದೆಯಾ ಎಂದವಳು ಭವ್ಯ ಒಬ್ಬಳೇ.

ಹೋದ ವರ್ಷ ನನ್ನ ಗಂಡ ಮಲ್ಲಿಕಾರ್ಜುನಸ್ವಾಮಿ ನೌಕರರ ಕ್ರೀಡಾಕೂಟದಲ್ಲಿ ವಾಲಿಬಾಲ್ ಆಡಿ ಕಾಲು ಮುರಿದುಕೊಂಡರು. ಅವರಿಗೆ ನಲವತ್ತಾರು. ಆಗ ಇದೇ ದೊಡ್ಡಮಲ್ಲಮ್ಮ ಸೇಬು ತಂದು, "ಎಂತಾ ಎಗರು ಎಗರಿದ್ನಂತೆ ನಮ್ಮ ಸ್ವಾಮಿ!" ಎಂದಿದ್ದಳು. ಎರಡು ತಿಂಗಳು ನಾನೇ ಸ್ನಾನ ಮಾಡಿಸಿದೆ, ಪ್ರೀತಿಯಿಂದಲೇ ಮಾಡಿಸಿದೆ. ಆ ಚೆಂಡನ್ನು ಯಾರೂ ಕುಯ್ದು ಹಾಕಲಿಲ್ಲ.

ನಿನ್ನೆ ಚಾಮರಾಜನಗರದಲ್ಲಿ ಎಕ್ಸ್‌ರೇ ತೆಗೆಸಿಕೊಂಡು ಸಂಜೆ ಬಸ್ಸಿಗೆ ಬಂದೆ. ಅವರು ಆಗಲೇ ಕಚೇರಿಯಿಂದ ಬಂದಿದ್ದರು. "ಬಾ ಇಲ್ಲಿ, ನೋಡು" ಎಂದು ನಗುತ್ತಾ ಅಡುಗೆಮನೆಗೆ ಕರೆದರು. ಗ್ಯಾಸ್ ಸಿಲಿಂಡರಿನ ಕೆಳಗೆ ಒಂದು ಹಲಗೆ, ಹಲಗೆಯ ಕೆಳಗೆ ನನ್ನ ನಾಲ್ಕು ಚಕ್ರ.

"ಬೇಗೂರಲ್ಲಿ ಬಡಗಿ ನಿಂಗಯ್ಯನ್ ಕೈಲಿ ಮಾಡಿಸ್ದೆ. ನೀನು ಒಂದ್ ಕೈಲೇ ತಳ್ಬೋದು. ಈಗ್ಲಾದ್ರೂ ಉಪಯೋಗಕ್ ಬಂತಲ್ಲ!"

ಬೋರ್ಡು ಹಿತ್ತಲಲ್ಲಿತ್ತು, ಹಂಡೆ ಒಲೆಯ ಸೌದೆಯ ಜೊತೆ.

ಹದಿನಾರು ವರ್ಷದಲ್ಲಿ ಈ ಮನೆಯಲ್ಲಿ ನಾನು ದನಿ ಎತ್ತಿಲ್ಲ. ನಿನ್ನೆಯೂ ಎತ್ತಲಿಲ್ಲ. ರೆಗ್ಯುಲೇಟರ್ ತೆಗೆದೆ. ಸೊಂಟ ಕೊಟ್ಟು ಸಿಲಿಂಡರನ್ನು ಓರೆ ಮಾಡಿ ನೆಲಕ್ಕಿಳಿಸಿದೆ. ಧಡ್ ಎಂದ ಸದ್ದಿಗೆ ಅತ್ತೆ ಗುರುಮಲ್ಲಮ್ಮ ಓಡಿ ಬಂದರು. ನಾನು ಸ್ಪ್ಯಾನರ್ ತಂದು, ನೆಲದ ಮೇಲೆ ಕೂತು, ಹಲಗೆಯನ್ನು ಎರಡು ಪಾದದಲ್ಲಿ ಅದುಮಿ ಹಿಡಿದು ನಟ್ಟು ತಿರುಗಿಸತೊಡಗಿದೆ.

"ಏನಮ್ಮಿ ಇದು, ಊಟದ್ ಹೊತ್ನಲ್ಲಿ?" ಗಂಡ ಕೇಳಿದರು.

"ಬಿಚ್ತಾ ಇವ್ನಿ."

"ಮುದ್ದೆ?"

"ಸೌದೆ ಒಲೆ ಐತೆ, ಹಿಟ್ಟು ಡಬ್ಬದಲ್ಲೈತೆ. ನಿಮ್ಗೆ ಎರಡು ಕೈ ಅವೆ."

"ನಾನಾ?" ಅವರು ತಾಯಿಯ ಮುಖ ನೋಡಿದರು.

ಅರವತ್ತೆಂಟರ ಆ ಮುದುಕಿ ಇಷ್ಟೂ ದಿನ ಮುದ್ದೆ ತೊಳಸಿದ್ದರು. ಕೋಲನ್ನು ಮಗನ ಕೈಗೆ ತುರುಕಿದರು. "ತೊಳ್ಸು ಕಣ್ಲಾ. ನನ್ ರಟ್ಟೆ ಬಿದ್ದೋಯ್ತು."

ಹೊಗೆ ಕಣ್ಣಿಗೆ ಹೋಯಿತು, ಮಡಕೆ ಜಾರಿತು, ನಿಂಗಯ್ಯನಿಗೂ ಬೈಗುಳ ಬಿತ್ತು. ತಟ್ಟೆಗೆ ಬಂದ ಮುದ್ದೆಯ ಒಳಗೆ ಹಸಿ ಹಿಟ್ಟು. ಬೇರೆ ದಿನವಾದರೆ, ಪಾಪ ಎಂದು ಚೆನ್ನಾಗಿದೆ ಅನ್ನುತ್ತಿದ್ದೆ.

"ಗಂಟಾಗೈತೆ," ಎಂದೆ. "ನಾಳೆ ಇನ್ನೂ ಚೆನ್ನಾಗ್ ತೊಳ್ಸಿ."

ಎಂಟು ನಟ್ಟನ್ನೂ ಬಿಚ್ಚಿ, ಚಕ್ರಗಳನ್ನು ಮತ್ತೆ ಬೋರ್ಡಿಗೇ ಬಿಗಿದು ಮಲಗುವ ಹೊತ್ತಿಗೆ ಪಟ್ಟಿಯೊಳಗೆ ಕೈ ಸುಡುತ್ತಿತ್ತು. ಸಿಟ್ಟು ಇಳಿದಿರಲಿಲ್ಲ, ಇವತ್ತೂ ಇಳಿದಿಲ್ಲ. ಬೋರ್ಡು ನನ್ನ ಮಂಚದ ಕೆಳಗಿದೆ. ಪಟ್ಟಿ ಬಿಚ್ಚಲು ಇನ್ನು ಇಪ್ಪತ್ನಾಲ್ಕು ದಿನ. ಇಪ್ಪತ್ತೈದನೆಯ ದಿನ ಬೆಳಿಗ್ಗೆ, ಡೈರಿಯಿಂದ ಬರುವಾಗ, ಮೊದಲು ಕಣ ಗುಡಿಸುತ್ತೇನೆ.

ಮೂರನೇ ವಿಷಲ್ ಆಯಿತು. ಕುಕ್ಕರ್ ನಾನು ಇಳಿಸುತ್ತೇನೆ. ಮುದ್ದೆಗೆ ಅವರು ಬರಲಿ.