ವ್ಯಾನನ್ನು ಹೊಳೆಗೆ ಇಳಿಸಿದ ಆರೋಪ

ನೋಟಿಸು ಬಂದದ್ದು ಸೋಮವಾರ ಮಧ್ಯಾಹ್ನ, ನಾನು ವ್ಯಾನಿನ ಕೀಲಿಯನ್ನು ಕೌಂಟರಿಗೆ ಕೊಡುವ ಹೊತ್ತಿಗೆ.

"ದಿನಾಂಕ ಹದಿನಾಲ್ಕರಂದು ಬೆಳಿಗ್ಗೆ ಆರು ಗಂಟೆ ನಲವತ್ತೊಂದು ನಿಮಿಷಕ್ಕೆ ತಾವು ರೋಗಿಗಳಿದ್ದ ವಾಹನವನ್ನು ನಿಗದಿತ ರಸ್ತೆಯಿಂದ ತಪ್ಪಿಸಿ, ಹೊಳೆಯ ಮೂಲಕ ನಾಲ್ಕು ನಿಮಿಷ ಚಲಾಯಿಸಿರುತ್ತೀರಿ. ಈ ಬಗ್ಗೆ ಮೂರು ದಿನಗಳೊಳಗೆ ಲಿಖಿತ ವಿವರಣೆ ನೀಡತಕ್ಕದ್ದು."

ಎರಡು ಸಲ ಓದಿದೆ. ಮೂರನೇ ಸಲ ಕನ್ನಡಕ ಒರೆಸಿಕೊಂಡು ಓದಿದೆ. ಹೊಳೆ ಅಂತಲೇ ಇತ್ತು. ಕೆಳಗೆ ಮ್ಯಾನೇಜರರ ಸಹಿ, ದುಂಡನೆಯ ಮೊಹರು.

ನಾನು ಹತ್ತೊಂಬತ್ತು ವರ್ಷದಿಂದ ಸ್ಟೀರಿಂಗ್ ಹಿಡಿದವಳು. ಒಂದು ನಾಯಿಯ ಬಾಲದ ಮೇಲೂ ಚಕ್ರ ಹತ್ತಿಸಿದವಳಲ್ಲ. ನಗು ಬರಬೇಕಿತ್ತು, ಬರಲಿಲ್ಲ. ಏಕೆಂದರೆ ಇದು ಮೂರನೆಯ ನೋಟಿಸು. ನಮ್ಮಲ್ಲಿ ಮೂರು ನೋಟಿಸಿಗೆ ಸರಿಯಾದ ವಿವರಣೆ ಇಲ್ಲದಿದ್ದರೆ ವ್ಯಾನಿನಿಂದ ಇಳಿಸಿ ಶೆಡ್ಡಿನಲ್ಲಿ ಗಾಡಿ ತೊಳೆಯಲು ಹಾಕುತ್ತಾರೆ.

ನಮ್ಮದು ಕಿಡ್ನಿ ಕೆಟ್ಟವರನ್ನು ಮನೆಯಿಂದ ಡಯಾಲಿಸಿಸ್ ಕೇಂದ್ರಕ್ಕೆ ಕರೆದೊಯ್ದು ಮತ್ತೆ ಮನೆಗೆ ಬಿಡುವ ವ್ಯಾನು. ವಾರಕ್ಕೆ ಮೂರು ದಿನ, ಒಂದು ಗಾಡಿಗೆ ಆರು ಜನ. ಗಾಲಿಕುರ್ಚಿ ಹತ್ತಿಸಲು ಅನುಕೂಲವಾಗಲಿ ಎಂದು ಗಾಡಿಯ ಚಾವಣಿಯನ್ನು ಎತ್ತರಿಸಿದ್ದಾರೆ. ಏಳು ಗಂಟೆಗೆ ಆರೂ ಜನ ಮೆಷಿನ್ನಿನ ಪಕ್ಕದ ಕುರ್ಚಿಗಳಲ್ಲಿ ಕೂತಿರಬೇಕು. ಹನ್ನೊಂದೂವರೆಗೆ ಅದೇ ಕುರ್ಚಿಗಳಿಗೆ ಇನ್ನೊಂದು ತಂಡ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಅರ್ಧ ಗಂಟೆ ತಡವಾಗಿ ಹೋದವರಿಗೆ ಅರ್ಧ ಗಂಟೆಯ ರಕ್ತಶುದ್ಧಿ ಖೋತಾ. ಅದನ್ನು ಆಮೇಲೆ ಯಾರೂ ತುಂಬಿಕೊಡುವುದಿಲ್ಲ.

ಅದಕ್ಕೇ ನಾನು ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಬೆಳಿಗ್ಗೆ ಬೇಗ ಮುಟ್ಟಿಸುವ ದಾರಿ, ಮಧ್ಯಾಹ್ನ ಮೆತ್ತಗಿನ ದಾರಿ. ಸೂಜಿ ತೆಗೆದ ಕೈಗೆ ಪಟ್ಟಿ ಸುತ್ತಿಕೊಂಡು, ತಲೆ ಸುತ್ತುತ್ತಾ, ಕಣ್ಣು ಮುಚ್ಚಿ ಕೂತವರನ್ನು ಹನ್ನೊಂದು ಹಂಪುಗಳ ಮೇಲೆ ಕುಣಿಸಿಕೊಂಡು ಹೋಗಲು ನನಗೆ ಮನಸ್ಸು ಬರುವುದಿಲ್ಲ. ಒಂದೂವರೆ ಕಿಲೋಮೀಟರು ಸುತ್ತಾದರೂ ಗೋದಾಮಿನ ಹಿಂದಿನ ನುಣ್ಣನೆಯ ರಸ್ತೆಯಲ್ಲೇ ಬರುತ್ತೇನೆ.

ಹೋದ ವರ್ಷ ಹೊಸ ವ್ಯಾನುಗಳು ಬಂದವು. ಡ್ಯಾಶ್‌ಬೋರ್ಡಿನಲ್ಲೇ ಕೂರಿಸಿದ ಅಗಲವಾದ ಸ್ಕ್ರೀನು. ಅದು ನಕ್ಷೆಯ ಮೇಲೆ ಹಸಿರು ಗೆರೆ ಎಳೆಯುತ್ತದೆ, ಅದರ ಮೇಲೆ ಹೋಗಬೇಕು. ಗೆರೆ ಬಿಟ್ಟರೆ ಗಾಡಿಯೇ ಹೆಡ್ಡಾಫೀಸಿಗೆ ಚಾಡಿ ಹೇಳುತ್ತದೆ. ಅಲ್ಲಿ ಎಲ್ಲಾ ದಿನದ್ದನ್ನೂ ನೋಡುವುದಿಲ್ಲ, ಯಾವಾಗಲೋ ಒಂದು ದಿನದ್ದನ್ನು ಆರಿಸಿ ನೋಟಿಸು ಹೊರಡಿಸುತ್ತಾರೆ. ನಾನು ಗೋದಾಮಿನ ರಸ್ತೆ ಹಿಡಿದದ್ದಕ್ಕೆ ಮೊದಲನೇ ನೋಟಿಸು ಬಂತು.

ಎರಡನೆಯದು ಫೋನಿಗೆ. ಮಗಳು ಕೊಡಿಸಿದ ಫೋನನ್ನು ಗಾಜಿನ ಪಕ್ಕ ಸಿಕ್ಕಿಸಿ, ಅದರ ಮ್ಯಾಪ್ ನೋಡಿಕೊಂಡು ಹೋಗುತ್ತಿದ್ದೆ. ಎಲ್ಲಿ ರಸ್ತೆ ಅಗೆದಿದ್ದಾರೆ, ಎಲ್ಲಿ ಲಾರಿ ಮಗುಚಿದೆ ಎಂದು ಅದಕ್ಕೆ ಆಗಿಂದಾಗಲೇ ಗೊತ್ತಾಗುತ್ತದೆ. ಆದರೆ ಫೋನ್ ಇಡುವಂತಿಲ್ಲ ಎಂದು ಆಜ್ಞೆಯಾಗಿತ್ತು. ಇನ್ನೊಬ್ಬ ಡ್ರೈವರ್ ಮೆಸೇಜು ಓದುತ್ತಾ ಹೋಗಿ ಗೇಟಿನ ಕಂಬಕ್ಕೆ ಗುದ್ದಿದ್ದ. ಅದು ನ್ಯಾಯವೇ. ಫೋನಿನ ಮೇಲೆ ನನಗೂ ಕುರುಡು ಪ್ರೀತಿ ಇಲ್ಲ. ಅದು ನನ್ನ ಗಾಡಿಯನ್ನು ಸ್ಕೂಟರು ಎಂದುಕೊಂಡು ಸಂದಿಗೊಂದಿಗೆ ನುಗ್ಗಿಸುತ್ತದೆ. ತಿರುವಿನಲ್ಲೇ ಯಾರೋ ಸಾಲ ಬೇಕೇ ಎಂದು ಕರೆ ಮಾಡುತ್ತಾರೆ, ನಕ್ಷೆ ಮಾಯ. ಗಾಡಿಯ ಸ್ಕ್ರೀನಿಗೆ ಆ ಕಾಟವಿಲ್ಲ. ಸಿಗ್ನಲ್ ಸಿಗದ ಸುರಂಗದಲ್ಲೂ ದಾರಿ ತೋರಿಸುತ್ತದೆ. ಎರಡೂ ಇರಲಿ, ಯಾವಾಗ ಯಾವುದರ ಮಾತು ಕೇಳಬೇಕೆನ್ನುವುದನ್ನು ನನಗೆ ಬಿಡಿ ಎಂದಷ್ಟೇ ನಾನು ಕೇಳಿದ್ದು. ಅದಕ್ಕೇ ಎರಡನೇ ನೋಟಿಸು.

ಇನ್ನು ಹೊಳೆ. ಎಂಟು ತಿಂಗಳ ಹಿಂದೆ ಊರಿಗೆ ಹೊಸ ಸೇತುವೆಯಾಯಿತು. ಊರಿಗೆಲ್ಲ ಗೊತ್ತು, ನನ್ನ ಫೋನಿಗೂ ಗೊತ್ತು, ವ್ಯಾನಿನ ಸ್ಕ್ರೀನಿಗೆ ಗೊತ್ತಿಲ್ಲ. ಅದರ ಹೊಟ್ಟೆಯಲ್ಲಿರುವುದು ಹಳೇ ನಕ್ಷೆ. ಹಳೇ ಸೇತುವೆ ಹತ್ತಿರ ನಮ್ಮಂಥ ಗಾಡಿಗೆ ತೊಂದರೆ ಇರುವುದರಿಂದ ನಾನು ಹೊಸದರ ಮೇಲೇ ಹೋಗುತ್ತಿದ್ದೆ. ಅಲ್ಲಿಗೆ ಹತ್ತುತ್ತಿದ್ದ ಹಾಗೆ ಸ್ಕ್ರೀನು ಪೂರ್ತಿ ನೀಲಿಯಾಗುತ್ತದೆ. ನಡುವೆ ನಮ್ಮ ವ್ಯಾನು, ಎಲೆ ತೇಲಿದ ಹಾಗೆ. "ದಯವಿಟ್ಟು ರಸ್ತೆಗೆ ಮರಳಿ" ಎಂದು ಒಂದು ಹೆಣ್ಣುದನಿ ಬಡಿದುಕೊಳ್ಳುತ್ತದೆ.

"ಎಲ್ಲಾರೂ ಕಾಲು ಎತ್ಕೊಳ್ರಪ್ಪಾ, ಚಪ್ಪಲಿ ನೆಂದೀತು!" ಎಂದು ಹಿಂದಿನಿಂದ ಟೈಲರಮ್ಮ ಕೂಗುತ್ತಾಳೆ. ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು, ಮಾತಿಗೂ ಕತ್ತರಿ ಇದೆ.

"ಈ ಯಮ್ಮನ್ನ ಹೊಳೆಗೆ ಹಾಕಿ ನಾವು ರಸ್ತೆಗೆ ಮರಳೋಣ, ತಾಯಿ," ಎನ್ನುತ್ತಾರೆ ಮೇಷ್ಟ್ರು. ಅವರು ಗಣಿತ ಹೇಳಿ ನಿವೃತ್ತರಾದವರು; ಎರಡು ವರ್ಷದಿಂದ ನನ್ನ ಎಡಗಡೆಯ ಸೀಟು ಅವರದೇ.

ಬುಧವಾರದ ಟ್ರಿಪ್ಪಿನಲ್ಲಿ ನೋಟಿಸನ್ನು ಇಬ್ಬರಿಗೂ ತೋರಿಸಿದೆ. ಟೈಲರಮ್ಮ ನಗಲು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದಳು.

"ಅಕ್ಕಾ, ನಿನ್ನ ತೆಗೆದು ಬೇರೆಯವರನ್ನ ಹಾಕಿದ್ರೆ? ಮೊದಲಿದ್ದವನು ನನ್ನ ಕೈ ರಕ್ತ ಮನೆವರೆಗೂ ಸೋರಿಸ್ಕೊಂಡು ಹೋಗಿದ್ದ."

ಮೇಷ್ಟ್ರು ಮೆಷಿನ್ನಿಗೆ ಕೈ ಕೊಟ್ಟೇ ಇನ್ನೊಂದು ಕೈಯಲ್ಲಿ ಅರ್ಜಿ ಬರೆದರು. "ಸದರಿ ದಿನ ಸದರಿ ಸಮಯದಲ್ಲಿ ಕೆಳಗೆ ಸಹಿ ಮಾಡಿದ ಆರು ಜನರೂ ವಾಹನದಲ್ಲಿದ್ದೆವು. ಯಾರೂ ಒದ್ದೆಯಾಗಿಲ್ಲ. ಮೀನು ಯಾರ ಜೇಬಿಗೂ ಬಂದಿಲ್ಲ." ಆರೂ ಜನ ಸಹಿ ಹಾಕಿದರು.

ಅದನ್ನು ಹಿಡಿದು ಅಂದೇ ಮಧ್ಯಾಹ್ನ ಮ್ಯಾನೇಜರರ ಕೋಣೆಗೆ ಹೋದೆ. ಒಳ್ಳೆಯ ಮನುಷ್ಯ, ಕೆಟ್ಟವರೇನಲ್ಲ. ಕಾಗದಕ್ಕೆ ಹೆದರುವವರು ಅಷ್ಟೆ. ಅರ್ಜಿ ಓದಿ ಮೇಜಿನ ಮೇಲೆ ಮಗುಚಿಟ್ಟರು.

"ನೋಡೀಮ್ಮಾ, ಪೇಷಂಟುಗಳ ಮಾತು ದಾಖಲೆ ಆಗಲ್ಲ. ರಿಪೋರ್ಟಲ್ಲಿ ಹೊಳೆ ಅಂತ ಬಂದಿದೆ."

"ಸಾರ್, ಕಿಟಕಿಯಿಂದ ನೋಡಿ. ವ್ಯಾನು ಅಲ್ಲೇ ನಿಂತಿದೆ. ಹೊಳೆಗೆ ಇಳಿದ ಗಾಡಿ ಥರ ಇದೆಯಾ?"

"ನಂಗೆ ಅರ್ಥ ಆಗುತ್ತೆ. ಆದ್ರೆ ನಾನು ಬರೆದದ್ದಲ್ವಲ್ಲ ಇದು. ಟ್ರಿಪ್ ಶೀಟಲ್ಲಿ ಯಾರ ಸಹಿ ಇರುತ್ತೋ ಅವರ ಹೆಸರಿಗೆ ಹೆಡ್ಡಾಫೀಸಿಂದ ತಾನಾಗೇ ಬರುತ್ತೆ. ನಾನು ಕೆಳಗೆ ಸಹಿ ಹಾಕ್ತೀನಿ, ಅಷ್ಟೇ."

"ಹಂಗಾದ್ರೆ ನಕ್ಷೆ ಹೊಸದು ಹಾಕ್ಸಿ."

"ಪತ್ರ ಹೋಗಿದೆ. ವರ್ಷಕ್ಕೊಂದು ಸಲ ಹಾಕ್ತಾರಂತೆ. ಅಲ್ಲೀವರೆಗೂ ಹಳೇ ಸೇತುವೆ ಮೇಲೇ ಹೋಗಿಬಿಡಿ. ಸ್ಕ್ರೀನು ಹೇಳಿದ ಹಾಗೆ ಹೋದ್ರೆ ನಿಮ್ಮನ್ನ ಯಾರೂ ಕೇಳಲ್ಲ."

"ಹಳೇ ಸೇತುವೆ ಕಡೆ ನೀವು ಯಾವಾಗ ಹೋಗಿದ್ರಿ, ಸಾರ್?"

ಅವರು ನೋಟಿಸನ್ನು ನನ್ನ ಕಡೆ ಸರಿಸಿದರು. ನನಗೆ ಅಷ್ಟು ಹೊತ್ತಿಗೆ ಮೈಯೆಲ್ಲ ಉರಿಯುತ್ತಿತ್ತು. ಒಳಗೆ ಬರುವಾಗ ಅವರ ಕಾರನ್ನು ನೋಡಿಕೊಂಡೇ ಬಂದಿದ್ದೆ.

"ನಿಮ್ಮ ಕಾರಲ್ಲೂ ಸ್ಕ್ರೀನ್ ಇದೆ. ಅದರ ಮುಂದೇನೇ ಫೋನ್ ಸಿಕ್ಸೋ ಕ್ಲಿಪ್ಪೂ ಇದೆ. ಯಾಕೆ ಸಾರ್?"

"ಅದು... ಕಾರಿಂದು ಸ್ವಲ್ಪ ಹಳೇದು. ಅದು ಬೇರೆ ವಿಷಯ ಬಿಡಿ."

"ಬೇರೆ ಹೆಂಗಾಗುತ್ತೆ? ಆಫೀಸಿಗೆ ಹತ್ತು ನಿಮಿಷ ಲೇಟಾಗಬಾರದು ಅಂತ ನೀವು ಫೋನ್ ನೋಡ್ಬಹುದು. ಆರು ಜನದ ಜೀವ ಇಟ್ಕೊಂಡು ನಾನು ನೋಡಂಗಿಲ್ಲ. ನೋಡ್ದೇ ಹೋದ್ರೆ ಹೊಳೆ. ಎಲ್ಲಿ ಹೋಗಲಿ ನಾನು?"

ದನಿ ಏರಿತ್ತು. ಹೊರಗೆ ಟೈಪು ಮಾಡುತ್ತಿದ್ದ ಸದ್ದು ನಿಂತಿತು. ಮ್ಯಾನೇಜರರು ಪೇಪರ್‌ವೆಯ್ಟನ್ನು ಎತ್ತಿ ಇನ್ನೊಂದು ಕಡೆ ಇಟ್ಟರು.

"ದಾಖಲೆ ಬೇಕು ಅಂದ್ರಲ್ಲ. ಬನ್ನಿ, ಖಾಲಿ ಗಾಡೀಲಿ ಒಂದು ಸುತ್ತು ಹೋಗಿ ಬರೋಣ," ಎಂದೆ. "ಪೇಷಂಟುಗಳನ್ನ ಕೂರಿಸ್ಕೊಂಡು ಪರೀಕ್ಷೆ ಮಾಡೋಳು ನಾನಲ್ಲ. ನಾಳೆ ನನ್ನ ಗಾಡಿಗೆ ರಜೆ. ಅದೇ ಹೊತ್ತು, ಅದೇ ದಾರಿ."

ಗುರುವಾರ ಬೆಳಿಗ್ಗೆ ಆರಕ್ಕೆ ಬಂದರು, ಸ್ವೆಟರ್ ಹಾಕಿಕೊಂಡು. ನಾನು ಟ್ರಿಪ್ ಶೀಟನ್ನು ಅವರ ಮುಂದೆ ಹಿಡಿದೆ.

"ಅಧಿಕಾರಿಗಳು ಗಾಡೀಲಿದ್ರೆ ಅವರದೇ ಸಹಿ, ಸಾರ್. ನಿಯಮ."

"ಹೌದಲ್ವಾ," ಎಂದು ಹಾಕಿದರು. ಮುಂದಿನದು ಆಗ ನನಗೆ ತೋಚಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹಸಿರು ಗೆರೆಯ ಮೇಲೇ ಓಡಿಸಿದೆ, ಒಂದು ಅಂಗುಲ ಆಚೀಚೆ ಆಗದ ಹಾಗೆ. ಹನ್ನೊಂದು ಹಂಪುಗಳನ್ನೂ ಹತ್ತಿಳಿದೆವು. ಐದನೆಯದಕ್ಕೆ ಅವರು ಮೇಲಿನ ಹಿಡಿ ಹಿಡಿದುಕೊಂಡರು. ಒಂಬತ್ತನೆಯದಕ್ಕೆ, "ಎಲ್ಲಾ ರಸ್ತೇನೂ ಹೀಗೇನಾ?" ಎಂದರು.

"ಇಲ್ಲ ಸಾರ್, ಗೆರೆ ಇರೋ ರಸ್ತೆ ಮಾತ್ರ."

ಹಳೇ ಸೇತುವೆಯ ಮುಂದೆ ನಿಲ್ಲಿಸಿದೆ. ಹೊಸದು ಆದಮೇಲೆ ಹಳೆಯದರ ಮೇಲೆ ದೊಡ್ಡ ಗಾಡಿ ಹೋಗಬಾರದೆಂದು ಅಡ್ಡಲಾಗಿ ಕಬ್ಬಿಣದ ಕಂಬಿ ಬೆಸೆದಿದ್ದಾರೆ. ನಮ್ಮ ವ್ಯಾನಿನ ಚಾವಣಿಗಿಂತ ಅದು ಒಂದು ಗೇಣು ಕೆಳಗಿದೆ. "ನೇರವಾಗಿ ಮುಂದೆ ಸಾಗಿ," ಎಂದಿತು ಸ್ಕ್ರೀನು.

"ಸಾಗಲಾ ಸಾರ್?"

ಅವರು ಇಳಿದು ಕಂಬಿ ನೋಡಿದರು, ಚಾವಣಿ ನೋಡಿದರು. ಹತ್ತಿ ಕೂತು, ಜೇಬಿನಿಂದ ತಮ್ಮ ಫೋನು ತೆಗೆದರು. ನಾನು ಫೋನನ್ನೂ ನೋಡಿದೆ, ಅವರ ಮುಖವನ್ನೂ ನೋಡಿದೆ.

"ಇವತ್ತೊಂದು ದಿನ," ಎಂದರು.

ಫೋನು ಎಡಕ್ಕೆ ತಿರುಗಿ ಎಂದಿತು. ತಿರುಗಿದೆ. ಇನ್ನೂರು ಅಡಿ ಹೋದಮೇಲೆ ಎರಡೂ ಕಡೆ ಗೋಡೆ, ಮುಂದೆ ದಾರಿಯ ನಡುವೆ ನೆಟ್ಟ ಕಲ್ಲುಕಂಬ. ಕನ್ನಡಿಗಳನ್ನು ಒಳಕ್ಕೆ ಮಡಚಿ ಅಷ್ಟು ದೂರವನ್ನೂ ರಿವರ್ಸಿನಲ್ಲೇ ಬಂದೆ. ಹೆಂಗಸೊಬ್ಬಳು ಬಾಗಿಲಲ್ಲಿ ಬಕೆಟ್ ಹಿಡಿದು ನಿಂತು, ಗಾಡಿ ದಾಟುವವರೆಗೂ ನಮ್ಮನ್ನು ಬೈದಳು. ಮ್ಯಾನೇಜರರು ಗಾಜು ಏರಿಸಿಕೊಂಡರು. ಆಗ ಏಳು ಗಂಟೆ ಹತ್ತು ನಿಮಿಷ.

"ಈಗ ನನ್ನ ದಾರೀಲಿ ಹೋಗಲಾ?"

"ಹೋಗಿ ತಾಯಿ."

ಹೊಸ ಸೇತುವೆ ಹತ್ತಿದೆವು. ಸ್ಕ್ರೀನು ನೀಲಿಯಾಯಿತು. "ದಯವಿಟ್ಟು ರಸ್ತೆಗೆ ಮರಳಿ," ಎಂದಿತು. ಮ್ಯಾನೇಜರರು ಕಿಟಕಿಯಿಂದಾಚೆ, ಎಷ್ಟೋ ಕೆಳಗೆ ಹರಿಯುತ್ತಿದ್ದ ನೀರನ್ನು ನೋಡಿದರು. ಮತ್ತೆ ಸ್ಕ್ರೀನು ನೋಡಿದರು.

ಆಫೀಸಿಗೆ ಬಂದು ನನ್ನ ನೋಟಿಸಿನ ಮೇಲೆ "ವಿವರಣೆ ತೃಪ್ತಿಕರ, ಕೈಬಿಡಲಾಗಿದೆ" ಎಂದು ಬರೆದರು. ನಾನು ವ್ಯಾನಿನಲ್ಲೇ ಉಳಿದೆ. ನಕ್ಷೆ ಮಾತ್ರ ಹಾಗೇ ಉಳಿಯಿತು. "ಪತ್ರ ಹೋಗಿದೆಯಲ್ಲಮ್ಮಾ, ಇನ್ನೊಂದು ಜ್ಞಾಪನ ಕಳಿಸ್ತೀನಿ," ಎಂದರು.

ಮುಂದಿನ ಸೋಮವಾರ ಟೈಪಿನ ಹುಡುಗಿ ನನ್ನನ್ನು ಸನ್ನೆ ಮಾಡಿ ಕರೆದಳು. ಅವಳ ಮೇಜಿನ ಮೇಲೆ ಹೊಸ ನೋಟಿಸು. ಮ್ಯಾನೇಜರರ ಹೆಸರಿಗೆ. ವಾಹನವನ್ನು ಹೊಳೆಯ ಮೂಲಕ ನಾಲ್ಕು ನಿಮಿಷ ಚಲಾಯಿಸಿದ್ದೇಕೆ? ಮೂರು ದಿನಗಳೊಳಗೆ ವಿವರಣೆ ನೀಡತಕ್ಕದ್ದು. ಕೆಳಗೆ ಸಹಿಯ ಜಾಗ ಖಾಲಿ ಇತ್ತು. ಅಲ್ಲಿ ಸಹಿ ಹಾಕಬೇಕಾದವರೂ ಅವರೇ.

"ಬೆಳಿಗ್ಗೆಯಿಂದ ಫೋನಲ್ಲೇ ಇದಾರೆ," ಎಂದು ಅವಳು ಪಿಸುಗುಟ್ಟಿದಳು. ಬಾಗಿಲು ಮುಚ್ಚಿತ್ತು. ಒಳಗಿನಿಂದ, "ಸೇತುವೆ ಸಾರ್, ಸೇತುವೆ! ಹೊಳೆ ಅಲ್ಲ!" ಎಂದು ಕೂಗುವುದು ಕಾರಿಡಾರಿನ ಕೊನೆಯವರೆಗೂ ಕೇಳುತ್ತಿತ್ತು.

ಗುರುವಾರದ ಹೊತ್ತಿಗೆ ಇಬ್ಬರು ಮೆಕ್ಯಾನಿಕ್ಕುಗಳು ಬಂದು, ಎಲ್ಲಾ ವ್ಯಾನುಗಳಿಗೂ ಹೊಸ ನಕ್ಷೆ ತುಂಬಿಸಿ ಹೋದರು. ಒಂದು ಗಾಡಿಗೆ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಎಂಟು ತಿಂಗಳಿಂದ ಗೆರೆ ನಂಬಿದ ಗಾಡಿಗಳಲ್ಲಿ ಪೇಷಂಟುಗಳ ಹೊತ್ತು ಹೋದಾಗ, ನನ್ನ ಕೆಲಸ ಹೋಗುವ ಹಾಗಾದಾಗ, ಈ ಇಪ್ಪತ್ತು ನಿಮಿಷ ಯಾರಿಗೂ ಸಿಕ್ಕಿರಲಿಲ್ಲ. ಕ್ಲಿಪ್ಪಿನಲ್ಲಿ ಸಿಕ್ಕಿಸಿ ಫೋನು ಇಟ್ಟುಕೊಳ್ಳಬಹುದು, ಕರೆ ಬರದ ಹಾಗೆ ಮಾಡಿರಬೇಕು ಎಂದು ಆಜ್ಞೆಯೂ ಬಂತು.

ಎಲ್ಲರೂ ನಾನು ಖುಷಿಪಡಬೇಕೆಂದುಕೊಂಡಿದ್ದರು. ಶುಕ್ರವಾರ ಬೆಳಗಿನ ಜಾವ ಮ್ಯಾನೇಜರರು ಕೀಲಿಯನ್ನು ತಾವೇ ಕೈಗೆ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ.

"ಮೊದಲನೇ ನೋಟಿಸು, ಎರಡನೇ ನೋಟಿಸು ಫೈಲಲ್ಲೇ ಇವೆಯಲ್ಲ, ಸಾರ್."

"ಅಯ್ಯೋ, ಅವು ಹಳೇವು, ಬಿಡಿ."

"ನಿಮ್ಮದನ್ನ ಬಿಟ್ರಾ? ನಾಳೆ ಇನ್ನೊಂದು ಬಂದ್ರೆ ಅದೇ ಮೂರನೇದು. ಹಂಪು ತಪ್ಸಿದ್ದಕ್ಕೆ ಒಂದು, ದಾರಿ ನೋಡಿದ್ದಕ್ಕೆ ಒಂದು. ಆ ನೋಟಿಸುಗಳೂ ತಪ್ಪು ಅಂತ ಬರೆದುಕೊಡಿ. ಆಮೇಲೆ ಕೀಲಿ."

ಗೋಡೆಯ ಗಡಿಯಾರದಲ್ಲಿ ಐದೂವರೆ. ಆರಕ್ಕೆ ಮೇಷ್ಟ್ರು ತಮ್ಮ ಮನೆ ಬಾಗಿಲಲ್ಲಿ ನಿಂತಿರುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಅವರು ಕೂತು ಬರೆದರು. ನಾನು ನಿಂತೇ ಓದಿಕೊಂಡು, ಮೊಹರು ಹಾಕಿಸಿಕೊಂಡು ಕೀಲಿ ತೆಗೆದುಕೊಂಡೆ.

ಸೇತುವೆ ಹತ್ತಿದಾಗ ಸ್ಕ್ರೀನಿನಲ್ಲಿ ನೀಲಿಯ ಮೇಲೆ ನೆಟ್ಟಗೆ ಒಂದು ಬಿಳಿ ಗೆರೆ ಕಂಡಿತು. ಹೆಣ್ಣುದನಿ ಸುಮ್ಮನಿತ್ತು.

"ಇವತ್ತು ಮುಳುಗಲ್ವಾ ಅಕ್ಕಾ?" ಎಂದಳು ಟೈಲರಮ್ಮ, ಬೇಜಾರಾದವಳ ಹಾಗೆ.

ಮಧ್ಯಾಹ್ನ ಬರುವಾಗ ಸ್ಕ್ರೀನು ಎಡಕ್ಕೆ ಎಂದಿತು, ಫೋನು ಬಲಕ್ಕೆ ಎಂದಿತು. ಕನ್ನಡಿಯಲ್ಲಿ ನೋಡಿದೆ, ಟೈಲರಮ್ಮ ಪಟ್ಟಿ ಸುತ್ತಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದಳು. ಎರಡೂ ದಾರಿ ಬಿಟ್ಟು, ಗೋದಾಮಿನ ಹಿಂದಿನ ರಸ್ತೆಗೆ ನೇರ ಹೋದೆ. ರಿಪೋರ್ಟಿನಲ್ಲಿ ಏನು ಬರುತ್ತದೋ ಬರಲಿ, ವಿವರಣೆ ನನ್ನ ಹತ್ತಿರ ತಯಾರಿದೆ.