ಹೆಡ್ ಕೂರಿಸಲು ಇಬ್ಬರು

“ತಳ್ಬೇಡ್ರಪ್ಪಾ, ನಿಲ್ಲಿ ನಿಲ್ಲಿ! ಇಂಜಿನ್ ಬಿಚ್ಚಿದೆ!”

ಗ್ಯಾರೇಜ್ ಮೇಸ್ತ್ರಿ ಕೂಗಿದ ರಭಸಕ್ಕೆ ಕಾರಿಗೆ ಭುಜ ಕೊಟ್ಟಿದ್ದ ಇಬ್ಬರೂ ಗಕ್ಕನೆ ನಿಂತರು. ಅಂಗಳವೇ ಅಂಗೈಯಗಲ, ಅದರ ತುಂಬ ಆ ಹಳೇ ಕಾರು. ಅದನ್ನು ಒಂದೆರಡು ಮಾರು ಸರಿಸದೆ ಒಳಗೆ ಮಲಗಿಸಿದ್ದ ಹೆಣವನ್ನು ಹೊರಗೆ ತರುವಂತಿರಲಿಲ್ಲ. ಓಣಿಯ ತುದಿಯಲ್ಲಿ ಶವದ ಗಾಡಿ ಬಂದು ಅರ್ಧ ಗಂಟೆಯಾಗಿತ್ತು.

ಸತ್ತವನು ಮೇಸ್ತ್ರಿಯ ಒಡಹುಟ್ಟಿದ ಅಣ್ಣ. ಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ಗುಮಾಸ್ತನಾಗಿದ್ದು, ನಿವೃತ್ತನಾಗಿ, ಹೆಂಡತಿಯನ್ನೂ ಕಳೆದುಕೊಂಡು ಈ ಎರಡು ಕೋಣೆಯ ಮನೆಯಲ್ಲಿ ಒಬ್ಬನೇ ಇದ್ದ. ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಬಸ್ಸಿಗೆ ಬಂದಿಳಿದಿದ್ದಳು. ನಿನ್ನೆ ಬೆಳಿಗ್ಗೆ ಒಂಬತ್ತು ಗಂಟೆಯಾದರೂ ಗೇಟಿನ ಬೀಗ ತೆಗೆಯದ್ದನ್ನು ಕಂಡು ಪಕ್ಕದ ಮನೆಯ ದರ್ಜಿ ಕುರ್ಚಿ ಹಾಕಿಕೊಂಡು ಗೋಡೆಯ ಮೇಲಿಂದ ಇಣುಕಿದ್ದ. ಕಾರಿನ ಪಕ್ಕದ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತಿದ್ದವನ ಎದೆ ಯಾವಾಗಲೋ ನಿಂತುಹೋಗಿತ್ತು.

ಮೇಸ್ತ್ರಿ ಅರೆತೆರೆದಿದ್ದ ಬಾನೆಟ್ಟನ್ನು ಪೂರ್ತಿ ಎತ್ತಿ ನಿಲ್ಲಿಸಿದ. ಇಂಜಿನ್ನಿನ ಮೇಲಿನ ಭಾಗ, ಅಂದರೆ ಹೆಡ್, ಅಲ್ಲಿರಲಿಲ್ಲ. ಕೆಳಗಿನ ಬೋಳು ಬ್ಲಾಕಿಗೆ ಬಿಳಿ ಬಟ್ಟೆ ಹೊದಿಸಿತ್ತು. ಬಟ್ಟೆ ಸರಿಸಿದರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ತೆಳು ಹಾಳೆ, ಹೊಚ್ಚಹೊಸ ಗ್ಯಾಸ್ಕೆಟ್, ಒಂದು ಸುಕ್ಕಿಲ್ಲದೆ, ತೂತಿಗೆ ತೂತು ಕೂಡಿಕೊಂಡು ಮಲಗಿತ್ತು. ಅದರಡಿಯ ಲೋಹವನ್ನು ಕನ್ನಡಿಯ ಹಾಗೆ ಉಜ್ಜಿದ್ದರು. ತಪ್ಪು ಹುಡುಕುವುದೆಂದರೆ ಮೇಸ್ತ್ರಿಗೆ ಊಟಕ್ಕಿಂತ ಇಷ್ಟ. ಇಲ್ಲಿ ಒಂದೂ ಸಿಗಲಿಲ್ಲ.

“ಹೆಡ್ ಗ್ಯಾಸ್ಕೆಟ್ ಹೋಗಿತ್ತಾ?”

“ಹೂಂ ಮತ್ತೆ,” ಎಂದ ದರ್ಜಿ. “ಎರಡು ತಿಂಗಳ ಹಿಂದೆ ಸೈಲೆನ್ಸರ್‌ನಿಂದ ಬಿಳಿ ಹೊಗೆ ಅಂದ್ರೆ ಹೊಗೆ! ನನ್ನ ಹೆಂಡ್ತಿ ಒಣಗಹಾಕಿದ್ದ ಬಟ್ಟೆ ಎಲ್ಲಾ ಬಾಚ್ಕೊಂಡು ಓಡಿದ್ಲು. ಆಯಿಲ್‌ಗೆ ನೀರು ಸೇರಿ ಹಾಲು ಬೆರೆಸಿದ ಚಹಾ ಥರ ಆಗೋಗಿತ್ತು. ಗ್ಯಾರೇಜಿಗೆ ಕೊಡಿ ಸ್ವಾಮಿ ಅಂದೆ. ಕೇಳ್ಬೇಕಲ್ಲ ಗುಮಾಸ್ತರು! ಪುಸ್ತಕ ತಂದು ತಾವೇ ಶುರು ಹಚ್ಕೊಂಡ್ರು.”

“ಯಾರ ಗ್ಯಾರೇಜಿಗೆ ಅಂದ್ರಿ?”

ದರ್ಜಿ ನೆಲ ನೋಡಿದ. “ನಿಮ್ದಕ್ಕೇ ಅಂದೆ ಮೇಸ್ತ್ರೀ. ಮಾತು ತಿರುಗಿಸಿದ್ರು.”

ಮೇಸ್ತ್ರಿ ಬಿಳಿ ಬಟ್ಟೆಯನ್ನು ಮತ್ತೆ ಬ್ಲಾಕಿನ ಮೇಲೆ ಎಳೆದ. ಅವನ ಗ್ಯಾರೇಜು ಇಲ್ಲಿಂದ ನಡೆದರೆ ಅರ್ಧ ಗಂಟೆಯ ದಾರಿ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಆದರೆ ಇವರಿಬ್ಬರ ನಡುವೆ ಪಾಲು ಮಾಡಿಕೊಳ್ಳಲು ಒಂದು ಮುರುಕು ಚೊಂಬೂ ಇರಲಿಲ್ಲ. ಜಗಳವಾದರೂ ಆಗಿದ್ದರೆ ರಾಜಿಯಾಗಬಹುದಿತ್ತು. ಮದುವೆ ಮನೆಗಳಲ್ಲಿ ಎದುರಾದರೆ “ಚೆನ್ನಾಗಿದೀಯಾ?” “ಹೂಂ, ನೀನು?” ಅಷ್ಟೇ. ಈ ಕೆಲಸಕ್ಕೂ ನಾನು ಬೇಡವಾದೆನಲ್ಲ ಎಂಬುದು ಹೆಣ ನೋಡಿದ್ದಕ್ಕಿಂತ ಹೆಚ್ಚು ನೋಯಿಸಿತು.

ಸ್ಟೀರಿಂಗ್ ತಾನೇ ಹಿಡಿದು, ಕೂಸಿನ ತೊಟ್ಟಿಲು ಸರಿಸುವಷ್ಟು ಮೆಲ್ಲಗೆ ಕಾರನ್ನು ಗೋಡೆಯ ಬದಿಗೆ ತಳ್ಳಿಸಿದ.

ಚಟ್ಟ ಹೊರುವುದಕ್ಕೆ ನಿಂತಾಗ ಲೆಕ್ಕ ಕೂಡಲಿಲ್ಲ. ಮೇಸ್ತ್ರಿ ಒಬ್ಬ, ಎದುರುಮನೆಯ ಪೋಸ್ಟ್‌ಮ್ಯಾನ್ ಒಬ್ಬ, ಸೊಂಟಕ್ಕೆ ಕೈ ಕೊಟ್ಟುಕೊಂಡ ದರ್ಜಿ ಒಬ್ಬ. ಶಾಲೆಯಿಂದ ಒಂದು ಹೂವಿನ ಹಾರ ಬಂದಿತ್ತು, ಜನ ಬಂದಿರಲಿಲ್ಲ. ಗಾಡಿಯ ಡ್ರೈವರು, “ನಾನು ಗಾಡಿ ಬಿಟ್ಟು ಬರೋ ಹಾಗಿಲ್ಲ,” ಎಂದು ಆಗಲೇ ಹೇಳಿದ್ದ.

“ಇನ್ನೊಬ್ಬರು ಬೇಕಲ್ಲ,” ಎಂದ ಪೋಸ್ಟ್‌ಮ್ಯಾನ್, ಖಾಲಿ ಓಣಿಯತ್ತ ಕತ್ತು ಚಾಚಿ.

“ನಾನಿಲ್ವಾ?” ಮಗಳು ಸೆರಗು ಸಿಕ್ಕಿಸಿಕೊಂಡು ಬಂದು ನಾಲ್ಕನೆಯ ಮೂಲೆ ಹಿಡಿದಳು. “ದಿನಾ ವಾರ್ಡಲ್ಲಿ ಎಂಥೆಂಥವರನ್ನೋ ಎತ್ತಿ ಮಲಗಿಸ್ತೀನಿ ಚಿಕ್ಕಪ್ಪ. ಅಪ್ಪ ಹಗುರ ಇದಾರೆ.”

ಹಗುರವಾಗಿಯೇ ಇದ್ದ. ಅಣ್ಣನನ್ನು ಹೊತ್ತು ನಡೆಯುವಾಗ ಮೇಸ್ತ್ರಿಯ ಎಡಗೈ ಬಿದಿರನ್ನು ನಾಲ್ಕೇ ಬೆರಳಲ್ಲಿ ಹಿಡಿದಿತ್ತು. ಉಂಗುರದ ಬೆರಳು ಬುಡದಿಂದಲೇ ಇರಲಿಲ್ಲ.

*

ಆ ಬೆರಳು ಹೋಗಿ ನಲವತ್ತೊಂದು ವರ್ಷ. ಅಪ್ಪನ ಬಾಡಿಗೆ ಕಾರಿನ ಫ್ಯಾನ್ ಬೆಲ್ಟ್ ಸಡಿಲವಾಗಿತ್ತು. ಹತ್ತೊಂಬತ್ತರ ತಮ್ಮ ಬಾನೆಟ್ಟಿನೊಳಗೆ ಬಗ್ಗಿದ್ದ. ಇಪ್ಪತ್ಮೂರರ ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಟೀರಿಂಗ್ ಮುಂದೆ ಕೂತು ಚಡಪಡಿಸುತ್ತಿದ್ದ. ಹತ್ತು ಗಂಟೆಗೆ ಗುಮಾಸ್ತನ ಕೆಲಸದ ಪರೀಕ್ಷೆ.

“ಆಯ್ತೇನೋ?”

“ಇರೋ ಮಾರಾಯ. ನಾನು ಆಯ್ತು ಅನ್ನೋವರೆಗೆ ಕೀ ಮುಟ್ಬೇಡ.”

ಅಣ್ಣ ಇನ್ನೊಮ್ಮೆ ಗಡಿಯಾರ ನೋಡಿದ. ಕೀ ತಿರುಗಿಸಿದ.

ಆಸ್ಪತ್ರೆಯಲ್ಲಿ ಅಪ್ಪ ಕೆಂಡವಾಗಿ, “ಯಾರೋ ಸ್ಟಾರ್ಟ್ ಮಾಡಿದ್ದು?” ಎಂದು ಕೇಳಿದಾಗ ತಮ್ಮ, “ನಾನೇ ಆಯ್ತು ಅಂದೆ, ತಪ್ಪು ನಂದೇ,” ಎಂದುಬಿಟ್ಟ. ಅಣ್ಣ ವಾರ್ಡಿನ ಬಾಗಿಲಲ್ಲಿ ನಿಂತು ಆ ಸುಳ್ಳನ್ನು ಕೇಳಿಸಿಕೊಂಡ. ಒಳಗೆ ಬರಲಿಲ್ಲ. ಆಮೇಲೂ ಬಂದ ಹಾಗೆ ಮೇಸ್ತ್ರಿಗೆ ನೆನಪಿಲ್ಲ. ಪರೀಕ್ಷೆ ಮತ್ತೆ ಕಟ್ಟಿ ಪಾಸಾದ, ಕೆಲಸ ಸಿಕ್ಕಿತು, ಬೇರೆ ಮನೆ ಮಾಡಿದ. ತಾನೂ ಒಂದು ಕಾರು ಕೊಂಡ. ಅದಕ್ಕೆ ಪಂಕ್ಚರ್ ಹಾಕಿಸಲೂ ತಮ್ಮನ ಗ್ಯಾರೇಜಿಗೆ ತರಲಿಲ್ಲ. ಕುರ್ಚಿ ಸಿಕ್ಕಿದವನಿಗೆ ಗ್ರೀಸ್ ಮೆತ್ತಿದ ತಮ್ಮನೆಂದರೆ ನಾಚಿಕೆ ಎಂದು ತಮ್ಮ ತೀರ್ಮಾನಿಸಿದ. ತೀರ್ಮಾನಿಸಿದ ಮೇಲೆ ಅದು ಗಟ್ಟಿಯಾಗುತ್ತಾ ಹೋಯಿತು.

ಬೆರಳಿನ ವಿಷಯ ಮಾತ್ರ ಅವನಿಗೆ ತಮಾಷೆ. “ಐದು ಬೆರಳೂ ಸಮ ಇರಲ್ಲ ಅಂತಾರೆ ನೋಡಿ, ನನಗೆ ಆ ತಾಪತ್ರಯ ಒಂದು ಕಮ್ಮಿ,” ಎಂದು ಗಿರಾಕಿಗಳನ್ನು ನಗಿಸುತ್ತಿದ್ದ. ಒಂದೇ ತೊಂದರೆ ಎಂದರೆ ಗ್ಲೌಸು. ಯಾವುದನ್ನು ಹಾಕಿದರೂ ಆ ಖಾಲಿ ಬೆರಳು ಜೋತಾಡಿ ಎಲ್ಲೆಲ್ಲೋ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ನಲವತ್ತು ವರ್ಷ ಬರಿಗೈಯಲ್ಲೇ ಸುಟ್ಟುಕೊಂಡ, ಕೊಯ್ದುಕೊಂಡ.

*

ಎಲ್ಲ ಮುಗಿಸಿ ಬರುವಾಗ ನಾಲ್ಕು ಗಂಟೆ. ದರ್ಜಿಯ ಹೆಂಡತಿ ಚಹಾ ತಂದಿಟ್ಟು ಹೋದಳು. ಯಾರೂ ಮುಟ್ಟಲಿಲ್ಲ.

“ನಾಳೆ ಗುಜರಿಯವರು ಬರ್ತಾರೆ ಚಿಕ್ಕಪ್ಪ. ಕಾರು ಹಾಗೇ ಕೊಟ್ಬಿಡ್ಲಾ?”

“ಇರು, ನೋಡೋಣ.”

ಜಗುಲಿಯ ಮೂಲೆಯ ಮೇಜಿನ ಮೇಲೆ ಟವೆಲ್ ಹೊದಿಸಿದ ದೊಡ್ಡದೊಂದು ಗುಡ್ಡೆ. ಹೆಡ್ ಅದೇ ಎಂದು ಮೇಸ್ತ್ರಿಗೆ ತಿಳಿಯಿತು. ಪಕ್ಕದಲ್ಲಿ ಒಂದು ರಟ್ಟು. ಅದಕ್ಕೆ ತೂತು ಕೊರೆದು ಹತ್ತು ಬೋಲ್ಟುಗಳನ್ನೂ ಅವು ಇದ್ದ ಕ್ರಮದಲ್ಲೇ ಸಿಕ್ಕಿಸಿ ಅಣ್ಣ ನಂಬರು ಬರೆದಿದ್ದ. ಅದರಡಿ ಒಂದು ನೋಟ್‌ಬುಕ್. ಗುಮಾಸ್ತನ ದುಂಡು ಅಕ್ಷರ. “೧. ನೀರು ಇಳಿಸುವುದು” ಎಂದು ಶುರುವಾಗಿ, ಒಂದೊಂದು ಸಾಲಿನ ಮುಂದೆಯೂ ಕೆಂಪು ಶಾಯಿಯ ಗುರುತು, ತಾರೀಖು. ಹದಿನಾರನೆಯದು “ಹೊಸ ಗ್ಯಾಸ್ಕೆಟ್ ಇಡುವುದು.” ಅದಕ್ಕೆ ಗುರುತು ಬಿದ್ದು ಹತ್ತೊಂಬತ್ತು ದಿನ. ಆಮೇಲೆ ಒಂದೇ ಸಾಲು:

“೧೭. ಹೆಡ್ ಕೂರಿಸುವುದು. ಓರೆಯಾದರೆ ಗ್ಯಾಸ್ಕೆಟ್ ಹಾಳು. ಇಬ್ಬರು ಬೇಕು.”

ಅದರ ಮುಂದೆ ಗುರುತಿರಲಿಲ್ಲ.

“ನಿಮ್ಮನ್ನ ಕರೀಲಿಲ್ವಾ?” ಮೇಸ್ತ್ರಿ ದರ್ಜಿಯನ್ನು ಕೇಳಿದ.

“ನಾನೇ ಬರ್ತೀನಿ ಅಂದೆ, ಸೊಂಟ ಹೋದ್ರೆ ಹೋಗ್ಲಿ ಅಂತ. ಬೇಡ, ನನಗೆ ಜನ ಇದೆ, ಹೇಳ್ಕಳಿಸೋದೊಂದು ಬಾಕಿ ಅಂದ್ರು. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ದಿನಾ ಸ್ಟೂಲ್ ಮೇಲೆ ಕೂತು ಗೇಟ್ ನೋಡೋರು. ಯಾವ ಮಹಾನುಭಾವನೋ ಏನೋ.”

“ಅಪ್ಪಂಗೆ ಯಾರಿದ್ರು?” ಎಂದಳು ಮಗಳು. “ಒಬ್ಬ ಸ್ನೇಹಿತ ಅಂತ ಮನೆಗೆ ಬಂದಿದ್ದು ನಾನು ಕಾಣೆ.”

ಮೇಸ್ತ್ರಿ ಟವೆಲ್ ಎತ್ತಿದ.

ಹೆಡ್ಡಿನ ಎರಡು ಕಡೆಗೂ ಒಂದೊಂದು ಜೊತೆ ಚರ್ಮದ ಗ್ಲೌಸು ಜೋಡಿಸಿಟ್ಟಿತ್ತು. ಈ ಕಡೆಯವು ಹಳೆಯವು, ಆಯಿಲ್ ಕುಡಿದು ಕಪ್ಪಾದವು. ಆ ಕಡೆಯವು ಹೊಸವು, ಅಂಗಡಿಯ ಚೀಟಿಯೂ ಹರಿದಿರಲಿಲ್ಲ. ಹೊಸ ಜೊತೆಯ ಎಡಗೈಯಲ್ಲಿ ಉಂಗುರದ ಬೆರಳನ್ನು ಒಳಕ್ಕೆ ಮಡಚಿ ಹೊಲಿದಿತ್ತು. ಹೊಲಿಗೆ ದರ್ಜಿಯದಲ್ಲ. ಕಡತ ಕಟ್ಟುವ ದಪ್ಪ ಬಿಳಿ ದಾರ, ಕಚೇರಿಯ ಗಂಟು. ಅಲ್ಲಲ್ಲಿ ತಪ್ಪಿ, ಬಿಚ್ಚಿ, ಮತ್ತೆ ಚುಚ್ಚಿದ ತೂತುಗಳೂ ಇದ್ದವು.

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದ. “ಅಯ್ಯೋ ಪೆದ್ದ,” ಎಂದ, “ಒಂದು ಮಾತು... ಒಂದೇ ಒಂದು ಮಾತು ಅನ್ನೋಕೆ ಆಗ್ಲಿಲ್ವೇನೋ ನಿಂಗೆ?” ಬೆಳಗಿನಿಂದ ಒಣಗಿದ್ದ ಕಣ್ಣು ಈಗ ಧಾರಾಕಾರ ಸುರಿಯಿತು. ದರ್ಜಿ ಎದ್ದು ಗೇಟು ಎಳೆದುಕೊಂಡು ಹೋದ.

ತುಸು ಹೊತ್ತಿನ ಮೇಲೆ ಮೇಸ್ತ್ರಿ ಮುಖ ಒರೆಸಿಕೊಂಡ. “ಮಗಳೇ, ಅಪ್ಪನ ಗ್ಲೌಸ್ ಹಾಕ್ಕೋ.”

ತಾನು ಹೊಸದಕ್ಕೆ ಕೈ ತೂರಿಸಿದ. ಸರಿಯಾಗಿ ಕೂತಿತು, ಎಲ್ಲೂ ಏನೂ ಜೋತಾಡಲಿಲ್ಲ. ಇಬ್ಬರೂ ಹೆಡ್ಡನ್ನು ಎತ್ತಿ ಅಂಗಳಕ್ಕೆ ತಂದು, ಬ್ಲಾಕಿನ ನೇರಕ್ಕೆ ಹಿಡಿದು, ನೂಲಿನಷ್ಟು ನೂಲಿನಷ್ಟೇ ಇಳಿಸಿದರು.

“ನಾನು ಆಯ್ತು ಅನ್ನೋವರೆಗೆ ಕೈ ಬಿಡ್ಬೇಡ,” ಎಂದ.

ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸದ್ದಿಲ್ಲದೆ ಕೂತಿತು. ಹುಡುಗಿ ಅಪ್ಪನ ಗ್ಲೌಸಿನೊಳಗೆ ಕೈ ಬಿಗಿಹಿಡಿದು ಚಿಕ್ಕಪ್ಪನ ಮುಖ ನೋಡಿದಳು. ಅವನು ಆಚೆ ಬದಿಯಲ್ಲಿ ಎರಡೂ ಕೈಯಲ್ಲಿ ಹೆಡ್ ಹಿಡಿದು ಬಗ್ಗಿಯೇ ನಿಂತಿದ್ದ; ಆಯ್ತು ಎನ್ನಲೇ ಇಲ್ಲ.