ಹಸಿ ಸುಣ್ಣ

"ಗೋಡೆಗೆ ಕಚಗುಳಿ ಇಡ್ತಿದೀಯೇನೇ ಮುದುಕಿ? ಒತ್ತಿ ಬಳಿ." ಠಾಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ಪೇದೆ ಕೂತಲ್ಲಿಂದಲೇ ಗದರಿದ. ಮಧ್ಯಾಹ್ನ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅಷ್ಟರಲ್ಲಿ ಬೀದಿ ಕಡೆಯ ಗೋಡೆ ಬೆಳ್ಳಗಾಗಬೇಕಿತ್ತು.

ಸುಣ್ಣದವಳು ಬ್ರಷ್ ಅದ್ದಿದಳು. ಗೋಡೆಯ ನಡುವೆ 'ಕಳ್ಳರಿದ್ದಾರೆ, ಎಚ್ಚರಿಕೆ' ಎಂಬ ಬರಹ, ಅದರ ಕೆಳಗೆ ಕಾಗದದಲ್ಲಿ ಅಚ್ಚು ಹಾಕಿ ಅಂಟಿಸಿದ ಮುಖಗಳು. ಕೊನೆಯದು ಅವಳ ಮಗನದು. ಯಾರದೋ ಸೈಕಲ್ ಕಳೆದಾಗ ಅವನನ್ನು ಎಳೆದು ತಂದಿದ್ದರು. ಸೈಕಲ್ ಅದರ ಯಜಮಾನನ ಭಾವನ ಮನೆಯಲ್ಲೇ ಸಿಕ್ಕಿತು. ಮಗನನ್ನು ಬಿಟ್ಟರು, ಪಟವನ್ನು ಬಿಡಲಿಲ್ಲ. ಆಮೇಲೆ ಎಲ್ಲಿ ಏನು ಕಳುವಾದರೂ ಮೊದಲು ಒದೆಸಿಕೊಳ್ಳುವುದು ಅವಳ ಮನೆಯ ಬಾಗಿಲು. ಮಗ ಕೆಲಸ ಕೇಳಿ ಹೋದ ಕಡೆಯೆಲ್ಲ, "ನಿನ್ನನ್ನ ಎಲ್ಲೋ ನೋಡಿದೀನಲ್ಲ" ಎನ್ನುತ್ತಿದ್ದರು.

"ಸ್ವಾಮಿ, ನನ್ನ ಹುಡುಗಂದೊಂದು ಕಿತ್ತುಬಿಡ್ಲಾ? ಅವ್ನು ಕದ್ದಿಲ್ಲ ಅಂತ ನೀವೇ ಬಿಟ್ರಲ್ಲ."

"ಕದ್ದ ಮೇಲೆ ಹಿಡಿಯೋದು ಹಳೇ ಕಾಲ ಕಣೇ. ಕದಿಯೋಕ್ ಮುಂಚೇನೇ ತಡೀಬೇಕು. ಸಾಹೇಬ್ರ ಹೊಸ ಸ್ಕೀಮು."

"ಕದೀತಾನೆ ಅಂತ ಯಾರ್ ಕಂಡ್ರು?"

"ಕೆಲ್ಸ ಇಲ್ದಿರೋ ಸೂಳೇಮಗ ಇನ್ನೇನ್ ಮಾಡ್ತಾನೆ, ತಪಸ್ಸಾ? ಬಾಯ್ಮುಚ್ಕೊಂಡು ಆ ಪಟಗಳ ಧೂಳು ತೊಳಿ. ಒಂದು ಹರಿದ್ರೂ ನಿನ್ನ ಚರ್ಮ ಸುಲೀತೀನಿ."

"ಹರಿಯಲ್ಲ ಸ್ವಾಮಿ."

ಅವಳು ಸುಣ್ಣವನ್ನು ಇನ್ನಷ್ಟು ತೆಳ್ಳಗೆ ಕದಡಿ ಮಗನ ಮುಖದ ಮೇಲೆ ಬ್ರಷ್ ಆಡಿಸಿದಳು. ಧೂಳು ಇಳಿಯಿತು, ಮುಖ ಹೊಳೆಯಿತು. ಪೇದೆ ಎದ್ದು ಬಂದು ನೋಡಿದ.

"ನೋಡು, ಮೀಸಿ ನಿಲ್ಲಿಸಿದ ಮದುಮಗನ ಹಾಗಾದ ನಿನ್ನ ಮಗ" ಎಂದು ನಕ್ಕು, ಬೂಟಿಗೆ ಪಾಲಿಷ್ ಹಾಕಲು ಒಳಗೆ ಹೋದ. ಅವನು ಜನ್ಮದಲ್ಲಿ ಸುಣ್ಣ ಬಳಿದವನಲ್ಲ. ಹಸಿ ಇರುವಾಗ ಸುಣ್ಣ ನೀರಿನ ಹಾಗೆ. ಒಣಗಿದ ಮೇಲೇ ಅದರ ಬಿಳುಪು.

ಮಗನದೊಂದೇ ಸಾಕೆಂದುಕೊಂಡಿದ್ದಳು. ಪಕ್ಕದ ಪಟದಲ್ಲಿ ತುಟಿ ಒಡೆದಿದ್ದವನೊಬ್ಬ ಅವಳನ್ನೇ ನೋಡುತ್ತಿದ್ದ. ಇವನಿಗೂ ಒಬ್ಬಳು ತಾಯಿ ಇರಬೇಕು. ಬ್ರಷ್ ಅವನ ಮೇಲೂ ಹರಿಯಿತು, ಆಮೇಲೆ ನಿಲ್ಲಲಿಲ್ಲ.

ಪೇದೆ ಹೊರಗೆ ಬರುವಾಗ ಅವಳು ಖಾಲಿ ಬಕೆಟ್ ಬೋರಲು ಹಾಕಿ ಗೋಡೆಯ ಎದುರಿಗೇ ಕೂತಿದ್ದಳು.

"ಮುಗೀತಲ್ಲ, ತೊಲಗು. ಸಾಹೇಬ್ರು ಬರ್ತಾರೆ."

"ಬರ್ಲಿ. ಒಣಗೋದು ನೋಡ್ಕೊಂಡು ಹೋಗ್ತೀನಿ."

ಬಿಸಿಲು ಗೋಡೆಗೆ ಬಿತ್ತು. ತಿರುವಿನಲ್ಲಿ ಜೀಪಿನ ಸದ್ದು ಕೇಳಿ ಪೇದೆ ಟೋಪಿ ಸರಿಮಾಡಿಕೊಂಡು, ಬೀದಿಗೆ ಮುಖ ಮಾಡಿ ಸೆಟೆದು ನಿಂತ. ಅವನ ಬೆನ್ನ ಹಿಂದೆ ಅವಳು ಮೊದಲು ಬಳಿದ ಮುಖದ ಹಣೆ ಬೆಳ್ಳಗಾಗತೊಡಗಿತ್ತು.